ವೇಳಾಪಟ್ಟಿ ಬರೆದ ಅಧ್ಯಕ್ಷ: ರೂಬ್ ಫಾಸ್ಟರ್ ಮತ್ತು ನೀಗ್ರೋ ನ್ಯಾಷನಲ್ ಲೀಗ್



ಕ್ರೀಡಾ ಇತಿಹಾಸದ ಈ ಉಪನ್ಯಾಸಕ್ಕೆ ನಾನು ಆರಿಸಿಕೊಂಡಿರುವ ಹೆಸರು ಆಂಡ್ರೂ ಫಾಸ್ಟರ್. ಅಮೆರಿಕದ ಬೇಸ್‌ಬಾಲ್ ಲೋಕ ಅವರನ್ನು ರೂಬ್ ಫಾಸ್ಟರ್ ಎಂದೇ ಬಲ್ಲದು. ಪಿಚರ್ ಆಗಿ, ಮ್ಯಾನೇಜರ್ ಆಗಿ, ತಂಡದ ಮಾಲೀಕರಾಗಿ ಅವರು ಮಾಡಿದ ಹೆಸರಿಗೆ ಕೊರತೆಯಿಲ್ಲ. ಆದರೆ ನನ್ನ ಮಾತು ಹೆಚ್ಚಾಗಿ ಅವರ ನಾಲ್ಕನೆಯ ಕೆಲಸವನ್ನು ಕುರಿತದ್ದು. 1920ರಿಂದ 1926ರವರೆಗೆ ಅವರು ನೀಗ್ರೋ ನ್ಯಾಷನಲ್ ಲೀಗಿನ ಅಧ್ಯಕ್ಷರಾಗಿದ್ದರು. ಕ್ರೀಡಾಸಂಸ್ಥೆಯ ಅಧ್ಯಕ್ಷರೆಂದರೆ ನಮಗೆ ಬಹುಮಾನ ಕೊಡುವ ವೇದಿಕೆ ಕಣ್ಣಿಗೆ ಬರುತ್ತದೆ. ಫಾಸ್ಟರ್ ಅವರ ಅಧ್ಯಕ್ಷಗಿರಿ ಟಪಾಲು, ತಂತಿ, ರೈಲು ಟಿಕೆಟ್ಟು, ಸಂಬಳದ ಪಟ್ಟಿಗಳ ನಡುವೆ ನಡೆಯಿತು. ಕಪ್ಪು ಆಟಗಾರರಿಗೆ ಪ್ರತಿಭೆ ಅವರಿಗಿಂತ ಮೊದಲೂ ಇತ್ತು, ಪ್ರೇಕ್ಷಕರೂ ಇದ್ದರು. ಮುಂದಿನ ಭಾನುವಾರ ಎಲ್ಲಿ, ಯಾರ ಮೇಲೆ ಆಟ ಎಂಬ ಖಾತ್ರಿ ಮಾತ್ರ ಇರಲಿಲ್ಲ. ಆ ಖಾತ್ರಿಯನ್ನು ಒದಗಿಸಿದ್ದೇ ಅವರ ಬದುಕಿನ ಅತಿ ದೊಡ್ಡ ಸಾಧನೆ ಎಂದು ನಾನು ನಂಬಿದ್ದೇನೆ.

ಹಿನ್ನೆಲೆಯನ್ನು ಚಿಕ್ಕದಾಗಿ ಹೇಳುತ್ತೇನೆ. 1884ರಲ್ಲಿ ಮೋಸೆಸ್ ಫ್ಲೀಟ್‌ವುಡ್ ವಾಕರ್ ಎಂಬ ಕಪ್ಪು ಕ್ಯಾಚರ್ ಟೊಲೀಡೊ ತಂಡದ ಪರವಾಗಿ ಅತ್ಯುನ್ನತ ದರ್ಜೆಯ ಮೇಜರ್ ಲೀಗಿನಲ್ಲೇ ಆಡಿದ್ದರು. ಮೂರೇ ವರ್ಷದಲ್ಲಿ ಗಾಳಿ ತಿರುಗಿತು. 1887ರಲ್ಲಿ ಇಂಟರ್‌ನ್ಯಾಷನಲ್ ಲೀಗಿನ ಮಾಲೀಕರು ಇನ್ನು ಮುಂದೆ ಕಪ್ಪು ಆಟಗಾರರೊಂದಿಗೆ ಹೊಸ ಕರಾರು ಬೇಡವೆಂದು ತೀರ್ಮಾನಿಸಿದರು. ಶತಮಾನ ಮುಗಿಯುವ ಹೊತ್ತಿಗೆ ಆ ಬಾಗಿಲು ಪೂರ್ತಿ ಮುಚ್ಚಿತ್ತು. ನಿಷೇಧವನ್ನು ಹೇಳುವ ನಿಯಮ ಪುಸ್ತಕದಲ್ಲಿ ಎಲ್ಲೂ ಇರಲಿಲ್ಲ. ಮಾಲೀಕರ ನಡುವಿನ ಬಾಯಿಮಾತಿನ ಒಪ್ಪಂದವೇ ಸಾಕಾಯಿತು. ಬರೆಯದೆ ಇದ್ದದ್ದರಿಂದ ಅದನ್ನು ಯಾರೂ ಕೋರ್ಟಿಗೆ ಎಳೆಯುವಂತಿರಲಿಲ್ಲ. ಈ ಒಂದು ಸಂಗತಿಯನ್ನು ನೆನಪಿನಲ್ಲಿಟ್ಟುಕೊಂಡರೆ, ಮುಂದೆ ಫಾಸ್ಟರ್ ಲೀಗಿನ ನಿಬಂಧನೆಗಳನ್ನು ಕಾಗದದ ಮೇಲೆ ಬರೆಸಲು ಯಾಕೆ ಅಷ್ಟು ಹಟ ಹಿಡಿದರು ಎಂಬುದು ಅರ್ಥವಾಗುತ್ತದೆ.

ಫಾಸ್ಟರ್ ಹುಟ್ಟಿದ್ದು 1879ರ ಸೆಪ್ಟೆಂಬರ್ 17ರಂದು, ಟೆಕ್ಸಾಸ್‌ನ ಕ್ಯಾಲ್ವರ್ಟ್ ಎಂಬ ಊರಿನಲ್ಲಿ. ತಂದೆ ಮೆಥಡಿಸ್ಟ್ ಚರ್ಚಿನ ಹಿರಿಯ ಪಾದ್ರಿ. ಮಗನಿಗೆ ಎಂಟನೆಯ ತರಗತಿಯ ಆಚೆಗೆ ಓದು ಹತ್ತಲಿಲ್ಲ. ವೇಕೋ ಊರಿನ ತಂಡದಲ್ಲಿ ಆಡತೊಡಗಿದ ಫಾಸ್ಟರ್ 1902ರಲ್ಲಿ ಶಿಕಾಗೊಗೆ ಬಂದರು, ಅಲ್ಲಿಂದ ಫಿಲಡೆಲ್ಫಿಯಾ ಕಡೆಗೆ ಹೋದರು. ಆರಡಿಗೂ ಮಿಕ್ಕಿದ ಎತ್ತರ, ಅದಕ್ಕೆ ತಕ್ಕ ಮೈಕಟ್ಟು. 1903ರಲ್ಲಿ ಕ್ಯೂಬನ್ ಎಕ್ಸ್-ಜೈಂಟ್ಸ್ ತಂಡ ಕಪ್ಪು ಬೇಸ್‌ಬಾಲಿನ ಚಾಂಪಿಯನ್ ಆದಾಗ ನಾಲ್ಕು ಪಂದ್ಯಗಳನ್ನು ಗೆದ್ದುಕೊಟ್ಟವರು ಫಾಸ್ಟರ್. ಮರುವರ್ಷ, ತಮ್ಮೆದುರು ಸೋತಿದ್ದ ತಂಡವನ್ನೇ ಸೇರಿಕೊಂಡು ತಮ್ಮ ಹಳೆಯ ತಂಡವನ್ನು ಸೋಲಿಸಿದರು. ರೂಬ್ ವಡೆಲ್ ಎಂಬ ಹೆಸರಾಂತ ಬಿಳಿಯ ಪಿಚರನ್ನು ಸೋಲಿಸಿದ್ದಕ್ಕೆ ‘ರೂಬ್’ ಎಂಬ ಹೆಸರು ಅಂಟಿಕೊಂಡಿತು ಎಂಬ ಕತೆ ಇದೆ. ನಮ್ಮ ವಿಷಯಕ್ಕೆ ಅದಕ್ಕಿಂತ ಮುಖ್ಯವಾದದ್ದು 1907ರಲ್ಲಿ ಸಾಲ್ ವೈಟ್ ಪ್ರಕಟಿಸಿದ ಕಪ್ಪು ಬೇಸ್‌ಬಾಲಿನ ಇತಿಹಾಸಕ್ಕೆ ಫಾಸ್ಟರ್ ಬರೆದುಕೊಟ್ಟ ಪುಟ್ಟ ಲೇಖನ. ಚೆಂಡೆಸೆಯುವುದು ಹೇಗೆ ಎಂಬುದು ಅದರ ವಿಷಯ. ಮೂರೂ ಬೇಸ್‌ಗಳಲ್ಲಿ ಎದುರಾಳಿಗಳು ನಿಂತಿರುವಾಗ ಪಿಚರ್ ಗಾಬರಿಯಾಗಬಾರದು, ಏನೂ ಆಗಿಲ್ಲವೆನ್ನುವಂತೆ ನಗುಮುಖದಿಂದಿರಬೇಕು, ಆಗ ಗಾಬರಿ ಬ್ಯಾಟರ್‌ನ ಪಾಲಾಗುತ್ತದೆ ಎಂಬುದು ಅಲ್ಲಿಯ ಉಪದೇಶದ ಸಾರ. ಎದುರಿಗಿರುವವನ ಮನಸ್ಸನ್ನು ಓದುವ ಈ ವಿದ್ಯೆ ಮುಂದೆ ಅಧ್ಯಕ್ಷರ ಕುರ್ಚಿಯಲ್ಲೂ ಅವರ ಕೈಹಿಡಿಯಿತು.

ಅದೇ 1907ರಲ್ಲಿ ಅವರು ಶಿಕಾಗೊಗೆ ಮರಳಿ ಲೀಲ್ಯಾಂಡ್ ಜೈಂಟ್ಸ್ ತಂಡದ ಮ್ಯಾನೇಜರ್ ಆದರು. ತಂಡ ಸಾಲುಸಾಲಾಗಿ ಗೆದ್ದಿತು. 1909ರ ಅಕ್ಟೋಬರಿನಲ್ಲಿ ಬಿಳಿಯರ ಶಿಕಾಗೊ ಕಬ್ಸ್ ತಂಡದ ಮೇಲೆ ಮೂರು ಪಂದ್ಯ ಆಡಿ ಮೂರನ್ನೂ ಸೋತರೂ, ಎರಡನೆಯದು 6–5, ಮೂರನೆಯದು 1–0. ಎರಡನೆಯ ಪಂದ್ಯದಲ್ಲಿ ಚೆಂಡೆಸೆದವರು ಫಾಸ್ಟರ್. ಕೊನೆಯ ಘಟ್ಟದಲ್ಲಿ ಅವರು ಅಂಪೈರ್ ಜೊತೆ ವಾದ ಮಾಡುತ್ತಿದ್ದಾಗ ಕಬ್ಸ್ ಆಟಗಾರನೊಬ್ಬ ಓಡಿ ಬಂದು ಗೆಲುವಿನ ರನ್ ಮುಟ್ಟಿಸಿಬಿಟ್ಟ. ಅಂಪೈರ್ ಅದನ್ನು ಒಪ್ಪಿಕೊಂಡರು. ಮರುಪಂದ್ಯಕ್ಕೆ ಫಾಸ್ಟರ್ ಕೇಳಿಕೊಂಡರು, ಸಿಗಲಿಲ್ಲ. ಆಡಿಸುವವರು ಬೇರೆ, ತೀರ್ಪು ಕೊಡುವವರು ಬೇರೆ, ಮೈದಾನ ಬೇರೆಯವರದು ಎಂದಾದರೆ ಎಷ್ಟು ಚೆನ್ನಾಗಿ ಆಡಿಯೂ ಏನು ಪ್ರಯೋಜನ ಎಂಬ ಪ್ರಶ್ನೆ ಇಂಥ ಅನುಭವಗಳಿಂದಲೇ ಗಟ್ಟಿಯಾಗಿರಬೇಕು.

ಆಗಿನ ಕಪ್ಪು ತಂಡಗಳ ಹೊಟ್ಟೆಪಾಡು ಹೇಗಿತ್ತು ಎಂಬುದನ್ನು ಸ್ವಲ್ಪ ವಿವರಿಸಬೇಕು. ಹೆಚ್ಚಿನ ತಂಡಗಳಿಗೆ ಸ್ವಂತ ಮೈದಾನವಿರಲಿಲ್ಲ. ಊರೂರು ಸುತ್ತಿ, ಸಿಕ್ಕವರ ಮೇಲೆ ಆಡಿ, ಬಂದಷ್ಟು ಹಂಚಿಕೊಳ್ಳಬೇಕು. ಯಾವ ಊರಿನಲ್ಲಿ, ಯಾವ ದಿನ, ಯಾರ ಮೇಲೆ ಆಟ ಎಂಬುದನ್ನು ಗೊತ್ತುಮಾಡುತ್ತಿದ್ದವರು ಬುಕಿಂಗ್ ಏಜೆಂಟರು. ನ್ಯೂಯಾರ್ಕಿನ ಸುತ್ತಮುತ್ತ ಆ ಅಧಿಕಾರ ನ್ಯಾಟ್ ಸ್ಟ್ರಾಂಗ್ ಎಂಬ ಬಿಳಿಯ ಏಜೆಂಟರ ಕೈಯಲ್ಲಿತ್ತು. ಗೇಟಿನ ಹಣದಲ್ಲಿ ಏಜೆಂಟರಿಗೆ ಪಾಲು. ಅವರನ್ನು ಎದುರುಹಾಕಿಕೊಂಡ ತಂಡಕ್ಕೆ ಆಟವೇ ಇಲ್ಲ. ಇನ್ನು ಆಟಗಾರರಿಗೆ ಇಂದು ಈ ತಂಡ, ನಾಳೆ ಆ ತಂಡ. ಹತ್ತು ಡಾಲರ್ ಹೆಚ್ಚು ಕೊಡುತ್ತೇನೆಂದವನ ಹಿಂದೆ ಹೊರಟರೆ ಅವರನ್ನು ತಡೆಯುವ ಕರಾರಾಗಲಿ, ಅವರು ಹೋದರೆ ಕೇಳುವ ಸಂಸ್ಥೆಯಾಗಲಿ ಇರಲಿಲ್ಲ. ಅವರು ಹೊರಟಿದ್ದರಲ್ಲಿ ತಪ್ಪಿಲ್ಲ. ಅಂಥ ಅಭದ್ರತೆಯಲ್ಲಿ ಯಾರೇ ಆದರೂ ಹೊರಡುತ್ತಿದ್ದರು.

1911ರಲ್ಲಿ ಫಾಸ್ಟರ್ ಅವರು ಜಾನ್ ಶೋರ್ಲಿಂಗ್ ಎಂಬ ಬಿಳಿಯ ಪಾನಗೃಹದ ಮಾಲೀಕರೊಂದಿಗೆ ಪಾಲುದಾರಿಕೆ ಮಾಡಿಕೊಂಡು ಶಿಕಾಗೊ ಅಮೆರಿಕನ್ ಜೈಂಟ್ಸ್ ತಂಡ ಕಟ್ಟಿದರು. ವೈಟ್ ಸಾಕ್ಸ್ ತಂಡ ಹೊಸ ಮೈದಾನಕ್ಕೆ ಹೋದ ಮೇಲೆ ಖಾಲಿಬಿದ್ದ 39ನೆಯ ಬೀದಿಯ ಮೈದಾನ ಇವರ ಮನೆಯಾಯಿತು. ಕಪ್ಪು ಜನರ ವಸತಿ ಹಬ್ಬುತ್ತಿದ್ದ ದಕ್ಷಿಣ ಶಿಕಾಗೊದ ಮಗ್ಗುಲಿಗೇ ಅದು ಇತ್ತು. ತಂಡ ದೂರದೂರಿಗೆ ಹೊರಟರೆ ಬಾಡಿಗೆಗೆ ಹಿಡಿದ ಸ್ವಂತ ಪುಲ್ಮನ್ ರೈಲು ಬೋಗಿಯಲ್ಲಿ ಹೊರಡುತ್ತಿತ್ತು. ಕಪ್ಪು ಪ್ರಯಾಣಿಕರಿಗೆ ಊಟದ ಹೋಟೆಲು, ಮಲಗುವ ಜಾಗ ಸಿಗದಿದ್ದ ಊರುಗಳಲ್ಲಿ ಆ ಬೋಗಿಯೇ ಅವರ ವಸತಿ. ಇದನ್ನು ಆಡಂಬರವೆಂದು ಬರೆದವರಿದ್ದಾರೆ. ನನಗೆ ಅದು ಆಟಗಾರರ ಮರ್ಯಾದೆಯನ್ನು ಕಾಪಾಡಿದ ಏರ್ಪಾಡಾಗಿ ಕಾಣುತ್ತದೆ.

ಮೈದಾನದಲ್ಲಿ ಅವರ ಶಿಸ್ತನ್ನು ಹತ್ತಿರದಿಂದ ನೋಡಬೇಕಾದರೆ ಒಂದು ಅಭ್ಯಾಸದ ಚಿತ್ರ ಸಾಕು. ಬೇಸ್‌ಬಾಲಿನಲ್ಲಿ ‘ಬಂಟ್’ ಎಂಬ ಹೊಡೆತವಿದೆ. ಬ್ಯಾಟು ಬೀಸದೆ ಚೆಂಡಿಗೆ ಮೆತ್ತಗೆ ಆನಿಸಿ ಹತ್ತಿರದಲ್ಲೇ ಬೀಳಿಸುವುದು. ಕ್ರಿಕೆಟ್ಟಿನಲ್ಲಿ ಫೀಲ್ಡರುಗಳು ದೂರ ನಿಂತಿರುವಾಗ ಚೆಂಡನ್ನು ಕಾಲ ಬುಡದಲ್ಲೇ ತಡೆದು ಒಂದು ರನ್ ಕದಿಯುತ್ತೇವಲ್ಲ, ಆ ಜಾತಿಯ ಉಪಾಯ. ಫಾಸ್ಟರ್ ಬೇಸ್ ಗೆರೆಗಳ ಪಕ್ಕ ನೆಲದ ಮೇಲೆ ವೃತ್ತ ಬರೆದು, ಬಂಟ್ ಮಾಡಿದ ಚೆಂಡು ಅದರೊಳಗೇ ನಿಲ್ಲಬೇಕೆಂದು ಆಟಗಾರರಿಂದ ಸಾಧನೆ ಮಾಡಿಸುತ್ತಿದ್ದರು. ಪಂದ್ಯದ ದಿನ ಬೆಂಚಿನ ಮೇಲೆ ಕುಳಿತು ತಮ್ಮ ಪೈಪಿನ ಹೊಗೆಯಿಂದಲೇ ಸನ್ನೆ ಕೊಡುತ್ತಿದ್ದರಂತೆ. ಇದರ ಫಲ ಕಂಡದ್ದು 1921ರ ಜೂನ್‌ನಲ್ಲಿ, ಇಂಡಿಯಾನಾಪೊಲಿಸ್ ಎಬಿಸೀಸ್ ತಂಡದ ಮೇಲೆ ನಡೆದ ಪಂದ್ಯದಲ್ಲಿ. ಒಂಬತ್ತು ಇನಿಂಗ್ಸ್‌ಗಳ ಆಟದಲ್ಲಿ ಎಂಟನೆಯದರ ಹೊತ್ತಿಗೆ ಇವರ ತಂಡ 18–0ರಿಂದ ಹಿಂದಿತ್ತು. ಅಷ್ಟು ಹಿಂದಿರುವಾಗ ಎಲ್ಲರೂ ಬ್ಯಾಟು ಬೀಸುತ್ತಾರೆ. ಫಾಸ್ಟರ್ ಬಂಟ್ ಮಾಡಲು ಹೇಳಿದರು. ಒಂದರ ಮೇಲೊಂದು ಮೆತ್ತನೆಯ ಹೊಡೆತ, ಚುರುಕು ಓಟ, ಎದುರಾಳಿಗಳಲ್ಲಿ ಗಲಿಬಿಲಿ, ನಡುವೆ ಎರಡು ಭಾರಿ ಹೊಡೆತ. ಪಂದ್ಯ 18–18ರಲ್ಲಿ ಸಮವಾಗಿ ಮುಗಿಯಿತು.

ಈಗ ಲೀಗಿನ ಹುಟ್ಟಿಗೆ ಬರೋಣ. ಮೊದಲ ಮಹಾಯುದ್ಧದ ವರ್ಷಗಳಲ್ಲಿ ದಕ್ಷಿಣದ ಹತ್ತಿಹೊಲಗಳನ್ನು ಬಿಟ್ಟು ಲಕ್ಷಾಂತರ ಕಪ್ಪು ಜನ ಶಿಕಾಗೊ, ಡೆಟ್ರಾಯಿಟ್, ಸೇಂಟ್ ಲೂಯಿಸ್‌ನಂಥ ಊರುಗಳ ಕಾರ್ಖಾನೆಗಳಿಗೆ ಬಂದರು. ವಾರದ ಕೂಲಿ ಕೈಗೆ ಬಂತು, ಭಾನುವಾರ ರಜೆ ಸಿಕ್ಕಿತು. ಬೇಸ್‌ಬಾಲಿಗೆ ಕಾಸು ಕೊಟ್ಟು ನೋಡುವ ಪ್ರೇಕ್ಷಕವರ್ಗ ಹೀಗೆ ಸಿದ್ಧವಾಯಿತು. ಅದೇ ಊರುಗಳಲ್ಲಿ ದ್ವೇಷವೂ ಬೆಳೆಯಿತು. 1919ರ ಜುಲೈ 27ರಂದು ಶಿಕಾಗೊದ ಸರೋವರ ದಂಡೆಯಲ್ಲಿ ಬಿಳಿಯರ ಪಾಲಿನದೆಂದು ಹೇಳುತ್ತಿದ್ದ ನೀರಿನ ಕಡೆ ತೇಲಿಹೋದ ಕಪ್ಪು ಹುಡುಗನೊಬ್ಬ ಕಲ್ಲೇಟಿನ ನಡುವೆ ಮುಳುಗಿ ಸತ್ತ. ಹೊತ್ತಿಕೊಂಡ ಗಲಭೆಯಲ್ಲಿ 38 ಜನ ಪ್ರಾಣ ಕಳೆದುಕೊಂಡರು. ಅದಾಗಿ ಏಳು ತಿಂಗಳೂ ಕಳೆದಿರಲಿಲ್ಲ, ಫಾಸ್ಟರ್ ತಂಡಗಳ ಮಾಲೀಕರಿಗೆ ಕರೆ ಕಳಿಸಿದರು. ಅದಕ್ಕೆ ಮುಂಚೆ ‘ಶಿಕಾಗೊ ಡಿಫೆಂಡರ್’ ಪತ್ರಿಕೆಯಲ್ಲಿ ಸರಣಿ ಲೇಖನಗಳನ್ನು ಬರೆದು ವ್ಯವಸ್ಥೆಯಿಲ್ಲದ ಆಟ ಎಲ್ಲರನ್ನೂ ಹೇಗೆ ಮುಳುಗಿಸುತ್ತಿದೆ ಎಂದು ವಾದ ಮಂಡಿಸಿದ್ದರು.

1920ರ ಫೆಬ್ರವರಿ 13ರಂದು ಮಿಸ್ಸೌರಿಯ ಕ್ಯಾನ್ಸಸ್ ಸಿಟಿಯಲ್ಲಿ, ಕಪ್ಪು ಜನರಿಗಾಗಿ ಕಟ್ಟಿದ್ದ ಪಸೇಯೊ ವೈಎಂಸಿಎ ಕಟ್ಟಡದಲ್ಲಿ ಸಭೆ ಸೇರಿತು. ಬಂದವರಲ್ಲಿ ಹಲವರು ಒಬ್ಬರನ್ನೊಬ್ಬರು ನಂಬುವವರಲ್ಲ. ಇಂಡಿಯಾನಾಪೊಲಿಸ್‌ನ ಸಿ. ಐ. ಟೇಲರ್ ಅವರಿಗೂ ಫಾಸ್ಟರ್ ಅವರಿಗೂ ಪತ್ರಿಕೆಗಳಲ್ಲೇ ಜಗಳವಾಗಿತ್ತು. ಕ್ಯಾನ್ಸಸ್ ಸಿಟಿ ಮೊನಾರ್ಕ್ಸ್ ತಂಡದ ಜೆ. ಎಲ್. ವಿಲ್ಕಿನ್ಸನ್ ಬಿಳಿಯರು. ಲೀಗು ಕಪ್ಪು ಜನರದೇ ಆಗಿರಬೇಕೆಂಬ ಫಾಸ್ಟರ್‌ಗೆ ಅವರನ್ನು ಸೇರಿಸಿಕೊಳ್ಳಲು ಮನಸ್ಸಿರಲಿಲ್ಲ. ಆದರೆ ವಿಲ್ಕಿನ್ಸನ್ ಆಟಗಾರರನ್ನು ಚೆನ್ನಾಗಿ ನೋಡಿಕೊಳ್ಳುವವರೆಂದು ಹೆಸರಾಗಿದ್ದರು, ಮೈದಾನದ ಅನುಕೂಲವೂ ಅವರ ಕೈಯಲ್ಲಿತ್ತು. ತತ್ವಕ್ಕೂ ಅಗತ್ಯಕ್ಕೂ ಜಗಳ ಬಿದ್ದಾಗ ಫಾಸ್ಟರ್ ಒಳ್ಳೆಯ ಮನುಷ್ಯನನ್ನು ಒಳಗೆ ಕರೆದುಕೊಂಡರು. ಮುಂದಿನ ಚರಿತ್ರೆ ನೋಡಿದರೆ ಅದು ಸರಿಯಾದ ನಿರ್ಧಾರ. ಲೀಗಿನ ನಿಬಂಧನೆಗಳ ಕರಡು ಬರೆಯಲು ಕಪ್ಪು ಪತ್ರಿಕೆಗಳ ಕ್ರೀಡಾ ಬರಹಗಾರರೂ ಟೊಪೀಕದ ವಕೀಲ ಎಲೈಶಾ ಸ್ಕಾಟ್ ಅವರೂ ಕುಳಿತರು. ಮಾಲೀಕರು ಬಂದಿದ್ದ ಸಭೆಯಲ್ಲಿ ಸಂವಿಧಾನ ಬರೆಯುವ ಕೆಲಸವನ್ನು ಪತ್ರಕರ್ತರಿಗೆ ಒಪ್ಪಿಸಿದ್ದು ನನಗೆ ಬಹಳ ಹಿಡಿಸಿದ ಸಂಗತಿ. ಯಾವ ತಂಡದ ಲಾಭಕ್ಕೂ ಕಟ್ಟುಬೀಳದವರು ಆ ಕೋಣೆಯಲ್ಲಿ ಅವರೇ.

ಎಂಟು ತಂಡಗಳು ಸೇರಿದವು. ಶಿಕಾಗೊದಿಂದ ಎರಡು, ಕ್ಯಾನ್ಸಸ್ ಸಿಟಿ, ಇಂಡಿಯಾನಾಪೊಲಿಸ್, ಡೆಟ್ರಾಯಿಟ್, ಸೇಂಟ್ ಲೂಯಿಸ್, ಡೇಟನ್ ಊರುಗಳಿಂದ ಒಂದೊಂದು, ಜೊತೆಗೆ ಊರೂರು ಸುತ್ತಿ ಆಡುವ ಕ್ಯೂಬನ್ ಸ್ಟಾರ್ಸ್. ಫಾಸ್ಟರ್ ಅಧ್ಯಕ್ಷರಾದರು. ಹಡಗು ನಾವು, ಉಳಿದದ್ದೆಲ್ಲ ಕಡಲು ಎಂಬ ಅರ್ಥದ ಘೋಷವಾಕ್ಯ ಲೀಗಿನದಾಯಿತು. ಮೇ 2ರಂದು ಇಂಡಿಯಾನಾಪೊಲಿಸ್‌ನಲ್ಲಿ ಮೊದಲ ಪಂದ್ಯ ನಡೆದು ಎಬಿಸೀಸ್ ತಂಡ ಶಿಕಾಗೊ ಜೈಂಟ್ಸ್ ಮೇಲೆ 4–2ರಿಂದ ಗೆದ್ದಿತು.

ಅಧ್ಯಕ್ಷರ ದಿನಚರಿ ಎಂಥದ್ದು? ಎಂಟು ತಂಡಗಳಲ್ಲಿ ಕೆಲವಕ್ಕೆ ಮನೆ ಮೈದಾನವೇ ಇಲ್ಲ. ಇನ್ನು ಕೆಲವರ ಮೈದಾನಗಳು ಬಿಳಿಯರ ತಂಡಗಳಿಂದ ಬಾಡಿಗೆಗೆ ಪಡೆದವು, ಆ ತಂಡ ಪರಊರಿಗೆ ಹೋದಾಗ ಮಾತ್ರ ಸಿಗುವಂಥವು. ನಿಜವಾದ ಸಂಪಾದನೆ ಭಾನುವಾರದ್ದು. ಆದ್ದರಿಂದ ಯಾರಿಗೆ ಯಾವ ಭಾನುವಾರ, ಯಾವ ಊರು ಎಂಬುದೇ ಯಾರ ಮನೆಯಲ್ಲಿ ಒಲೆ ಉರಿಯಬೇಕೆಂಬ ತೀರ್ಮಾನ. ಆ ಪಟ್ಟಿಯನ್ನು ಫಾಸ್ಟರ್ ಶಿಕಾಗೊದಲ್ಲಿ ಕುಳಿತು ಬರೆಯುತ್ತಿದ್ದರು. ಪ್ರತಿ ಪಂದ್ಯದ ಗೇಟ್ ಹಣದಲ್ಲಿ ನೂರಕ್ಕೆ ಐದರಷ್ಟು ಅವರ ಕೈಗೆ ಬರುತ್ತಿತ್ತು. ಅಧ್ಯಕ್ಷಗಿರಿಗೆಂದು ಬೇರೆ ಸಂಬಳವಿಲ್ಲ. ಊರುಬಿಟ್ಟು ಹೋದ ತಂಡದ ಬಳಿ ವಾಪಸು ಟಿಕೆಟ್ಟಿಗೆ ಕಾಸಿಲ್ಲವೆಂದರೆ ತಂತಿ ಬರುವುದು ಇವರಿಗೇ. ಸಂಬಳ ಕೊಡಲಾರದ ಮಾಲೀಕರಿಗೆ ಸಾಲ ಕೊಟ್ಟವರೂ ಇವರೇ. ಒಂದೇ ತಂಡ ಬಲಿಷ್ಠವಾದರೆ ಉಳಿದ ಊರುಗಳಲ್ಲಿ ಜನ ಬರುವುದಿಲ್ಲ ಎಂದು ಬಲ್ಲ ಅವರು ತಮ್ಮಲ್ಲಿದ್ದ ಆಸ್ಕರ್ ಚಾರ್ಲ್‌ಸ್ಟನ್ ಅವರನ್ನು ಇಂಡಿಯಾನಾಪೊಲಿಸ್‌ಗೆ ಹೋಗಲು ಬಿಟ್ಟರು. ಬೇಸ್‌ಬಾಲಿನ ಸಾರ್ವಕಾಲಿಕ ಶ್ರೇಷ್ಠರ ಸಾಲಿನಲ್ಲಿ ನಿಲ್ಲುವ ಆಟಗಾರ ಅವರು. ತನ್ನ ತಂಡದ ಅಂಥ ರತ್ನವನ್ನು ಎದುರಾಳಿಗೆ ಕೊಡುವ ಮಾಲೀಕ ಅಪರೂಪ.

ಆದರೆ ಒಂದು ಆಕ್ಷೇಪಣೆಯನ್ನು ಇಲ್ಲಿ ಎತ್ತಲೇಬೇಕು, ಆಗಿನವರೂ ಎತ್ತಿದ್ದರು. ಲೀಗಿನ ಅಧ್ಯಕ್ಷರೇ ಒಂದು ತಂಡದ ಮಾಲೀಕ, ಅದೇ ತಂಡದ ಮ್ಯಾನೇಜರ್, ವೇಳಾಪಟ್ಟಿ ಬರೆಯುವವರೂ ಅವರೇ, ಖಜಾನೆಯೂ ಅವರ ಹತ್ತಿರ. 1920, 1921, 1922ರ ಮೂರೂ ಪ್ರಶಸ್ತಿಗಳು ಶಿಕಾಗೊ ಅಮೆರಿಕನ್ ಜೈಂಟ್ಸ್ ತಂಡಕ್ಕೇ ಹೋದವು. ಒಳ್ಳೆಯ ಭಾನುವಾರಗಳು ಯಾರಿಗೆ ಬೀಳುತ್ತಿದ್ದವು, ಅಂಪೈರುಗಳನ್ನು ನೇಮಿಸುವವರು ಯಾರು ಎಂಬ ಪ್ರಶ್ನೆಗಳು ಸಹಜವಾಗಿಯೇ ಬಂದವು. ಏಜೆಂಟರ ಪಾಲನ್ನು ಟೀಕಿಸಿದ ಫಾಸ್ಟರ್ ಅವರೇ ಅದೇ ರೀತಿಯ ಪಾಲು ತೆಗೆದುಕೊಳ್ಳುತ್ತಿದ್ದಾರೆ ಎಂದು ಕೆಲವರು ಹೇಳಿದರು. ಫಾಸ್ಟರ್ ಪ್ರಾಮಾಣಿಕರೆಂಬುದರಲ್ಲಿ ನನಗೆ ಸಂದೇಹವಿಲ್ಲ, ಆ ಹಣ ಲೀಗಿಗೇ ಮರಳಿ ಸುರಿದದ್ದು ಕಾಣುತ್ತದೆ. ಹಾಗಿದ್ದೂ ಆಕ್ಷೇಪಣೆ ನ್ಯಾಯವಾದದ್ದು. ನಿಬಂಧನೆಗಳನ್ನು ಬರೆಸಿದ ಮನುಷ್ಯ ಅವುಗಳನ್ನು ಜಾರಿಗೊಳಿಸುವ ಕೈಗಳನ್ನು ಬೆಳೆಸಲಿಲ್ಲ. ಬೇರೆಯವರಿಗೆ ಬಿಟ್ಟುಕೊಟ್ಟರೆ ಕೆಟ್ಟೀತೆಂಬ ಭಯ ಅವರನ್ನು ಬಿಡಲಿಲ್ಲ. ಅದಕ್ಕೆ ತೆತ್ತ ಬೆಲೆಯನ್ನು ಮುಂದೆ ನೋಡುತ್ತೇವೆ.

1923ರಲ್ಲಿ ಎರಡು ಘಟನೆಗಳು. ಲೀಗು ಕಪ್ಪು ಅಂಪೈರುಗಳನ್ನು ನೇಮಿಸಿಕೊಂಡಿತು. ಅದೇ ವರ್ಷ ಪೂರ್ವ ಕರಾವಳಿಯಲ್ಲಿ ಹಿಲ್‌ಡೇಲ್ ತಂಡದ ಎಡ್ ಬೋಲ್ಡನ್ ಮುಂದಾಗಿ ಈಸ್ಟರ್ನ್ ಕಲರ್ಡ್ ಲೀಗ್ ಕಟ್ಟಿದರು. ನ್ಯಾಟ್ ಸ್ಟ್ರಾಂಗ್ ಅದರಲ್ಲಿದ್ದರು. ಹೆಚ್ಚಿನ ಸಂಬಳದ ಆಸೆ ತೋರಿಸಿ ಫಾಸ್ಟರ್ ಲೀಗಿನ ಆಟಗಾರರನ್ನು ಎಳೆದುಕೊಂಡರು. ಎರಡು ಋತು ಜಗಳವಾಡಿ, 1924ರಲ್ಲಿ ರಾಜಿಯಾಗಿ, ಪರಸ್ಪರರ ಕರಾರುಗಳನ್ನು ಗೌರವಿಸಲು ಒಪ್ಪಿಕೊಂಡರು. ಅದರ ಫಲವಾಗಿ ಅಕ್ಟೋಬರಿನಲ್ಲಿ ಎರಡೂ ಲೀಗುಗಳ ಚಾಂಪಿಯನ್ನರ ನಡುವೆ ಮೊದಲ ಕಲರ್ಡ್ ವರ್ಲ್ಡ್ ಸೀರೀಸ್ ನಡೆಯಿತು. ಹತ್ತು ಪಂದ್ಯ, ಒಂದು ಸಮ, ಮೊನಾರ್ಕ್ಸ್ ಐದು, ಹಿಲ್‌ಡೇಲ್ ನಾಲ್ಕು. ಫಾಸ್ಟರ್ ಒಳಗೆ ಕರೆದುಕೊಂಡ ವಿಲ್ಕಿನ್ಸನ್ ಅವರ ತಂಡವೇ ಫಾಸ್ಟರ್ ಲೀಗಿನ ಮಾನ ಉಳಿಸಿತು.

ಅಷ್ಟರಲ್ಲಿ ದೇಹ, ಮನಸ್ಸು ಸೋಲತೊಡಗಿದ್ದವು. 1925ರಲ್ಲಿ ಇಂಡಿಯಾನಾಪೊಲಿಸ್‌ನ ವಸತಿಯೊಂದರಲ್ಲಿ ಗ್ಯಾಸ್ ಸೋರಿ ಅವರು ಪ್ರಜ್ಞೆ ತಪ್ಪಿ ಬಿದ್ದಿದ್ದರು. ಮರುವರ್ಷ ಮಾನಸಿಕ ಅಸ್ವಸ್ಥತೆ ತೀವ್ರವಾಗಿ ಇಲಿನಾಯ್ ರಾಜ್ಯದ ಕ್ಯಾಂಕಕೀ ಆಸ್ಪತ್ರೆಗೆ ಸೇರಿಸಬೇಕಾಯಿತು. ಅವರು ಹೊರಗೆ ಬರಲಿಲ್ಲ. 1930ರ ಡಿಸೆಂಬರ್ 9ರಂದು ಅಲ್ಲಿಯೇ ತೀರಿಕೊಂಡರು, ಆಗ ಅವರಿಗೆ 51 ವರ್ಷ. ಚಳಿಯಲ್ಲಿ ಶಿಕಾಗೊದ ಸಾವಿರಾರು ಜನ ಅಂತಿಮ ದರ್ಶನಕ್ಕೆ ಬಂದರು. ಲೀಗು ಅವರಿಲ್ಲದೆ ಕುಂಟುತ್ತಾ ನಡೆದು, ಆರ್ಥಿಕ ಮುಗ್ಗಟ್ಟಿನ ಹೊಡೆತಕ್ಕೆ 1931ರಲ್ಲಿ ನಿಂತುಹೋಯಿತು. ಒಬ್ಬರ ತಲೆಯಲ್ಲೇ ಇದ್ದ ಲೆಕ್ಕಪತ್ರ, ಒಬ್ಬರ ಮಾತಿನ ಮೇಲೆ ನಿಂತಿದ್ದ ಸಾಲಗಳು ಅವರೊಂದಿಗೇ ಅಸ್ವಸ್ಥವಾದವು.

ಹಾಗೆಂದು ಕೆಲಸ ಮಣ್ಣುಗೂಡಲಿಲ್ಲ. 1933ರಲ್ಲಿ ಪಿಟ್ಸ್‌ಬರ್ಗಿನ ಗಸ್ ಗ್ರೀನ್‌ಲೀ ಅದೇ ಹೆಸರಿನಲ್ಲಿ ಹೊಸ ಲೀಗು ಆರಂಭಿಸಿದರು. ಮೊನಾರ್ಕ್ಸ್ ತಂಡ ಉಳಿದುಕೊಂಡಿತು. 1945ರಲ್ಲಿ ಜಾಕಿ ರಾಬಿನ್ಸನ್ ಆಡಿದ್ದು ಆ ತಂಡಕ್ಕೇ. 1947ರ ಏಪ್ರಿಲ್ 15ರಂದು ರಾಬಿನ್ಸನ್ ಬ್ರೂಕ್ಲಿನ್ ಡಾಡ್ಜರ್ಸ್ ಪರವಾಗಿ ಕಣಕ್ಕಿಳಿದು ಬಣ್ಣದ ಗೋಡೆ ಒಡೆದರು. ಅದನ್ನು ನೆನೆದಾಗಲೆಲ್ಲ ನನ್ನ ಸಂತೋಷದೊಳಗೆ ಒಂದು ನೋವೂ ಇರುತ್ತದೆ. ಡಾಡ್ಜರ್ಸ್ ತಂಡದ ಬ್ರ್ಯಾಂಚ್ ರಿಕಿ ಮೊನಾರ್ಕ್ಸ್ ಮಾಲೀಕರಿಗೆ ಒಂದು ಡಾಲರನ್ನೂ ಕೊಡಲಿಲ್ಲ. ಕಪ್ಪು ಲೀಗುಗಳ ಕರಾರನ್ನು ಕರಾರೆಂದೇ ಅವರು ಎಣಿಸಲಿಲ್ಲ. ಅದೇ ವರ್ಷ ನ್ಯೂಅರ್ಕ್ ಈಗಲ್ಸ್ ತಂಡದ ಒಡತಿ ಎಫಾ ಮ್ಯಾನ್ಲಿ ಹಟ ಹಿಡಿದದ್ದರಿಂದ ಅವರ ಆಟಗಾರ ಲ್ಯಾರಿ ಡೋಬಿಗಾಗಿ ಕ್ಲೀವ್‌ಲ್ಯಾಂಡ್ ತಂಡ 15,000 ಡಾಲರ್ ಕೊಟ್ಟಿತು. ಬಾಗಿಲು ತೆರೆದ ದಿನ ಕಪ್ಪು ತಂಡಗಳು ತಂಡಗಳಾಗಿಯೇ, ತಮ್ಮ ಮಾಲೀಕರು ಮತ್ತು ಮ್ಯಾನೇಜರುಗಳ ಸಮೇತ ಒಳಗೆ ಹೋಗಬೇಕೆಂಬುದು ಫಾಸ್ಟರ್ ಅವರ ಆಸೆಯಾಗಿತ್ತು. ಆದದ್ದು ಬೇರೆ. ಆಟಗಾರರು ಒಬ್ಬೊಬ್ಬರಾಗಿ ಹೋದರು, ಅವರ ಹಿಂದೆ ಪ್ರೇಕ್ಷಕರು ಹೋದರು, ತಂಡಗಳು ಮುಚ್ಚಿದವು, ಮ್ಯಾನೇಜರುಗಳೂ ಅಂಪೈರುಗಳೂ ಕೆಲಸ ಕಳೆದುಕೊಂಡರು. ಮೇಜರ್ ಲೀಗಿನಲ್ಲಿ ಮೊದಲ ಕಪ್ಪು ಮ್ಯಾನೇಜರ್ ಬರಲು 1975ರವರೆಗೆ ಕಾಯಬೇಕಾಯಿತು. ಫಾಸ್ಟರ್ ಕಂಡ ಸಮಾನತೆಯೇ ಹೆಚ್ಚು ಪೂರ್ಣವಾದದ್ದಾಗಿತ್ತೆಂಬುದು ನನ್ನ ದೃಢ ಅಭಿಪ್ರಾಯ.

1981ರಲ್ಲಿ ಅವರ ಹೆಸರು ಕೂಪರ್ಸ್‌ಟೌನಿನ ಹಾಲ್ ಆಫ್ ಫೇಮ್ ಸೇರಿತು. 2020ರ ಡಿಸೆಂಬರಿನಲ್ಲಿ ಮೇಜರ್ ಲೀಗ್ ಬೇಸ್‌ಬಾಲ್ ಸಂಸ್ಥೆ 1920ರಿಂದ 1948ರವರೆಗಿನ ಏಳು ನೀಗ್ರೋ ಲೀಗುಗಳನ್ನು ಮೇಜರ್ ಲೀಗುಗಳೆಂದೇ ಒಪ್ಪಿಕೊಂಡಿತು. ಹಳೆಯ ಪತ್ರಿಕೆಗಳಲ್ಲಿ ಅಚ್ಚಾದ ಸ್ಕೋರುಗಳನ್ನು ವರ್ಷಗಟ್ಟಲೆ ಹೆಕ್ಕಿ ಜೋಡಿಸಿದ ಸಂಶೋಧಕರ ಶ್ರಮದಿಂದ 2024ರ ಮೇ ತಿಂಗಳಲ್ಲಿ ಆ ಅಂಕಿಗಳು ಅಧಿಕೃತ ದಾಖಲೆಗೆ ಸೇರಿದವು. ಜೀವಮಾನದ ಬ್ಯಾಟಿಂಗ್ ಸರಾಸರಿಯಲ್ಲಿ ಅದುವರೆಗೆ ಮೊದಲಿದ್ದ ಟೈ ಕಾಬ್ ಅವರನ್ನು ದಾಟಿ ನೀಗ್ರೋ ಲೀಗುಗಳ ಆಟಗಾರ ಜಾಶ್ ಗಿಬ್ಸನ್ .372ರೊಂದಿಗೆ ಮೊದಲಿಗರಾದರು. ಈ ಮಾನ್ಯತೆ ಆರಂಭವಾಗುವ ವರ್ಷ ಯಾವುದೆಂಬುದನ್ನು ಗಮನಿಸಬೇಕು. ಅದಕ್ಕೆ ಮುಂಚಿನ ಕಪ್ಪು ಬೇಸ್‌ಬಾಲಿನಲ್ಲಿ ಕ್ರಮಬದ್ಧವಾಗಿ ನಡೆದು ನಿಂತ ಲೀಗು ಇರಲಿಲ್ಲವೆಂಬ ಕಾರಣಕ್ಕೆ ಲೆಕ್ಕ 1920ರಿಂದ, ಅಂದರೆ ಕ್ಯಾನ್ಸಸ್ ಸಿಟಿಯ ಆ ಸಭೆಯಿಂದ ಹಿಡಿಯಲಾಗಿದೆ. 1903ರಲ್ಲಿ ಫಾಸ್ಟರ್ ಗೆದ್ದುಕೊಟ್ಟ ನಾಲ್ಕು ಪಂದ್ಯಗಳು, ಪಿಚರ್ ಆಗಿ ಅವರು ಉತ್ತುಂಗದಲ್ಲಿದ್ದ ವರ್ಷಗಳು ಯಾವುವೂ ಆ ದಾಖಲೆಯಲ್ಲಿ ಬರುವುದಿಲ್ಲ. ಗಿಬ್ಸನ್, ಚಾರ್ಲ್‌ಸ್ಟನ್ ಮೊದಲಾದವರದು ಬರುತ್ತದೆ.